ಎಲೆಕ್ಟ್ರಾನೂ ಇಳಿಯಿತು, ಬೆವರೂ ಇಳಿಯಿತು

ಹೆದರಿದ್ದು ಯಾವತ್ತೂ ನಡೆಯುವುದಿಲ್ಲ ಎಂದು ನನ್ನ ಹೆಂಡತಿ ಧೈರ್ಯ ಹೇಳುತ್ತಾಳೆ. ಅವಳ ಮಾತು ನಿಜ. ನನಗೆ ನಡೆಯುವುದೆಲ್ಲ ಹೆದರಬೇಕು ಎಂದು ಹೊಳೆಯದೇ ಇದ್ದದ್ದು. ವಾರಕ್ಕೆ ಒಂದಾದರೂ ಇಂಥದ್ದು ಆಗದಿದ್ದರೆ, ಮುಂದಿನ ವಾರಕ್ಕೆ ಎರಡು ಕಾದಿವೆಯೇನೋ ಎಂದು ಅದಕ್ಕೂ ಹೆದರುತ್ತೇನೆ.

ನಾನು ಮುಂಬಯಿಯ ಮುಲುಂಡಿನ ಒಂದು ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಮನೆ ದಹಿಸರ್. ದಿನಾ ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಇನ್ನೊಂದು ಲೈನಿನ ಲೋಕಲ್ ಹಿಡಿಯಬೇಕು. ಈಗ ಹೇಳಹೊರಟಿರುವುದು ನನ್ನ ತಾತ್ಕಾಲಿಕ ನೌಕರಿಯ ನಾಲ್ಕನೆಯ ವರ್ಷದ ಕಥೆ. ಆ ಜುಲೈಯಲ್ಲಿ ಪ್ರಿನ್ಸಿಪಾಲರು ನನ್ನನ್ನು ಕರೆದು, ಫೆಬ್ರವರಿಯಲ್ಲಿ ತಪಾಸಣಾ ಸಮಿತಿ ಬರುತ್ತದೆ, ನಿಮ್ಮ ಒಂದು ಪಾಠ ನೋಡುತ್ತದೆ, ಒಪ್ಪಿದರೆ ಹುದ್ದೆ ಖಾಯಂ, ಒಪ್ಪದಿದ್ದರೆ ಜೂನ್‌ನಿಂದ ಬೇರೆ ಕಡೆ ನೋಡಿಕೊಳ್ಳಿ ಎಂದರು. ಕೊನೆಗೆ, ಗಾಬರಿ ಪಡಬೇಡಿ ಎಂದೂ ಸೇರಿಸಿದರು. ಆ ಮಾತು ಕೇಳಿದ ಮೇಲೆಯೇ ನನಗೆ ನಿಜವಾದ ಗಾಬರಿ ಶುರುವಾದದ್ದು.

ಪಾಠವನ್ನೂ ಅವರೇ ಆರಿಸಿದರು. ಪರಮಾಣುವಿನಲ್ಲಿ ಎಲೆಕ್ಟ್ರಾನ್ ಒಂದು ಶಕ್ತಿಮಟ್ಟದಿಂದ ಇನ್ನೊಂದಕ್ಕೆ ಹೋಗುವುದು ಹೇಗೆ, ಬೆಳಕು ಹುಟ್ಟುವುದು ಹೇಗೆ. ವಿಷಯ ನನಗೆ ಗೊತ್ತು. ತೊಂದರೆ ಇದ್ದದ್ದು ಕೈಯಲ್ಲಿ. ಹೆದರಿದರೆ ನನ್ನ ಅಂಗೈ ಬೆವರುತ್ತದೆ, ಅದು ಚಿಕ್ಕಂದಿನ ಅಭ್ಯಾಸ. ಬೇರೆ ಮೇಷ್ಟ್ರ ಕೈಯಲ್ಲಿ ಸೀಮೆಸುಣ್ಣ ಮುರಿಯುತ್ತದೆ, ನನ್ನ ಕೈಯಲ್ಲಿ ಕರಗುತ್ತದೆ.

೧. ಮೂರಕ್ಕೂ ನಾಲ್ಕಕ್ಕೂ ನಡುವೆ

ಪಾಠವನ್ನು ಮೊದಲೇ ಒಂದು ಸಲ ಮಾಡಿ ನೋಡೋಣ ಎಂದು ಜುಲೈಯಲ್ಲೇ ಶುರುಮಾಡಿದೆ. ಮುಂಬಯಿಯ ಮಕ್ಕಳಿಗೆ ಮನಸ್ಸಿಗೆ ಹತ್ತುವ ಉದಾಹರಣೆ ಬೇಕಲ್ಲ, ಬಿಲ್ಡಿಂಗಿನ ಲಿಫ್ಟನ್ನು ಹಿಡಿದೆ. ಎಲೆಕ್ಟ್ರಾನ್ ಒಂದನೇ ಮಾಳಿಗೆಯಲ್ಲಿ ಇರಬಹುದು, ಎರಡನೇ ಮಾಳಿಗೆಯಲ್ಲಿ ಇರಬಹುದು, ನಡುವೆ ಎಲ್ಲೂ ಇರಲಾರದು. ಮೇಲೆ ಹೋಗಬೇಕಾದರೆ ಎಷ್ಟು ಬೇಕೋ ಅಷ್ಟೇ ಶಕ್ತಿ ಸಿಗಬೇಕು. ಕೆಳಗೆ ಬರುವಾಗ ಅಷ್ಟನ್ನೇ ಬೆಳಕಾಗಿ ಬಿಡುತ್ತದೆ.

ಮುಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಇದ್ದಳು. ಅಪ್ಪ ಅಮ್ಮ ಕುಂದಾಪುರ ಕಡೆಯವರು, ಅವಳು ಹುಟ್ಟಿ ಬೆಳೆದದ್ದು ಇಲ್ಲೇ ಭಾಂಡುಪಿನಲ್ಲಿ. ನಾನು ಕನ್ನಡದವನೆಂದು ಗೊತ್ತಾದ ದಿನದಿಂದ ನನ್ನ ಹತ್ತಿರ ಕನ್ನಡವನ್ನೇ ಆಡುತ್ತಿದ್ದಳು, ಆದರೆ ನಾಲ್ಕು ಮಾತಿನೊಳಗೆ ಹಿಂದಿಗೆ ಜಾರುತ್ತಿದ್ದಳು. ಅವಳು ಕೈ ಎತ್ತಿದಳು.

"ಸರ್, ನಮ್ಮ ಬಿಲ್ಡಿಂಗ್‌ದು ಲಿಫ್ಟ್ ತೀನ್ ಔರ್ ಚಾರ್ ಕೆ ಬೀಚ್ ನಿಲ್ತದೆ. ರೋಜ್ ನಿಲ್ತದೆ."

ಅದು ಕೆಟ್ಟ ಲಿಫ್ಟು, ಎಲೆಕ್ಟ್ರಾನಿನ ಲಿಫ್ಟು ಹಾಗೆ ಕೆಡುವುದಿಲ್ಲ ಎಂದೆ. ಅದಕ್ಕೆ ಸರ್ವೀಸ್ ಯಾರು ಮಾಡುತ್ತಾರೆ ಎಂದು ಹಿಂದಿನಿಂದ ಇನ್ನೊಬ್ಬ ಕೇಳಿದ. ಆ ಪೀರಿಯಡ್ ಪೂರ್ತಿ ಲಿಫ್ಟಿನಲ್ಲೇ ಕಳೆಯಿತು. ಯಾರ ಬಿಲ್ಡಿಂಗಿನಲ್ಲಿ ಯಾವ ಲಿಫ್ಟು ಎಷ್ಟು ಹೊತ್ತು ಸಿಕ್ಕಿಕೊಂಡಿತ್ತು ಎಂಬುದು ನನಗೆ ಇವತ್ತಿಗೂ ನೆನಪಿದೆ.

ಯುನಿಟ್ ಟೆಸ್ಟಿನಲ್ಲಿ ಆ ಹುಡುಗಿ ಹೀಗೆ ಬರೆದಿದ್ದಳು: 'ಎಲೆಕ್ಟ್ರಾನ್ ಎರಡು ಮಾಳಿಗೆಗಳ ನಡುವೆ ಇರಲಾರದು. ಇದ್ದರೆ ಹೆದರದೆ ಅಲಾರಂ ಒತ್ತಿ ವಾಚ್‌ಮನ್‌ನನ್ನು ಕರೆಯಬೇಕು.' ಮೊದಲ ವಾಕ್ಯ ಸರಿ ಇದ್ದುದರಿಂದ ಅರ್ಧ ಅಂಕ ಕೊಟ್ಟೆ. ಉಳಿದ ಅರ್ಧ ಅಂಕ ಕೇಳಲು ಅವಳ ಅಪ್ಪ ಖುದ್ದಾಗಿ ಬಂದರು. ಅವರು ಆ ಬಿಲ್ಡಿಂಗಿನ ಲಿಫ್ಟ್ ಕಮಿಟಿಯ ಅಧ್ಯಕ್ಷರು, ಎರಡನೆಯ ವಾಕ್ಯ ಅವರೇ ಬರೆಸಿ ಲಿಫ್ಟಿನೊಳಗೆ ಅಂಟಿಸಿದ್ದು.

೨. ಠಾಣೆಗೆ ಹೋದ ಛತ್ರಿ

ಆಗಸ್ಟಿನಲ್ಲಿ ಒಂದು ದಿನ ದಾದರ್ ಸೇತುವೆ ಇಳಿಯುತ್ತಾ ಪಾಠದ ಟಿಪ್ಪಣಿಯನ್ನೇ ಮನಸ್ಸಿನಲ್ಲಿ ಓದಿಕೊಳ್ಳುತ್ತಿದ್ದೆ. ಎದುರಿಗೆ ಬಂದ ಗಾಡಿಗೆ ಹತ್ತಿದೆ, ಅಂದರೆ ಜನ ಹತ್ತಿಸಿದರು. ಅದು ಫಾಸ್ಟ್ ಲೋಕಲ್, ಮುಲುಂಡಿನಲ್ಲಿ ನಿಲ್ಲುವ ಜಾತಿಯದ್ದಲ್ಲ. ನನ್ನ ಸ್ಟೇಷನ್ನು, ಸ್ಟೇಷನ್ನಿನ ಮೇಲಿನ ಗಡಿಯಾರ, ದಿನಾ ವಡಾಪಾವ್ ತಿನ್ನುವ ಗಾಡಿ ಎಲ್ಲವೂ ಕಣ್ಣೆದುರಿಗೇ ಹಿಂದೆ ಹೋದವು. ಮುಂದಿನ ಊರು ಠಾಣೆಯ ಸ್ಟೇಷನ್ನಿನಲ್ಲಿ ಇಳಿದೆ. ಛತ್ರಿ ಇಳಿಯಲಿಲ್ಲ.

ವಾಪಸ್ ಸ್ಲೋ ಗಾಡಿ ಹಿಡಿದು, ನೆನೆದುಕೊಂಡು, ಇಪ್ಪತ್ತು ನಿಮಿಷ ತಡವಾಗಿ ಕ್ಲಾಸಿಗೆ ನುಗ್ಗಿದರೆ, ಕೊನೆಯ ಬೆಂಚಿನಲ್ಲಿ ಪ್ರಿನ್ಸಿಪಾಲರು ಕೂತಿದ್ದರು. ಸಮಿತಿ ಬರುವ ಮೊದಲು ತಾವೇ ಒಮ್ಮೆ ಪಾಠ ನೋಡೋಣ ಎಂದು ಬಂದಿದ್ದರಂತೆ. ಹೆದರಿದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ, ಅದು ತಾನಾಗಿ ಪಾಠ ಶುರುಮಾಡಿಬಿಟ್ಟಿತು.

ಮಕ್ಕಳೇ, ಇವತ್ತು ದಾದರಿನಲ್ಲಿ ನನಗೆ ಬೇಕಾದ್ದಕ್ಕಿಂತ ಜಾಸ್ತಿ ಶಕ್ತಿ ಸಿಕ್ಕಿತು ಎಂದೆ. ಅದರಿಂದ ಮೇಲಿನ ಮಟ್ಟಕ್ಕೆ, ಅಂದರೆ ಠಾಣೆಗೆ, ನೇರ ಹೋಗಿಬಿಟ್ಟೆ. ಆ ಗಾಡಿಗೆ ಮುಲುಂಡ್ ಎಂಬ ಮಟ್ಟವೇ ಇಲ್ಲ. ಅಲ್ಲಿ ಹೆಚ್ಚು ಹೊತ್ತು ಇರಲಾಗದೆ ಕೆಳಗೆ ಬಂದಿದ್ದೇನೆ. ಎಲೆಕ್ಟ್ರಾನಿನ ಬಾಳೂ ಹೀಗೇ.

"ಸರ್, ನಿಮ್ಮ ಛತ್ರಿ?" ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು.

ಛತ್ರಿಗೆ ಇನ್ನೂ ಜಾಸ್ತಿ ಶಕ್ತಿ ಸಿಕ್ಕಿತು, ಅದು ಪರಮಾಣುವನ್ನೇ ಬಿಟ್ಟು ಹೊರಟುಹೋಯಿತು, ಕಲ್ಯಾಣ್ ದಾಟಿರಬೇಕು ಎಂದೆ. ಹೀಗೆ ಎಲೆಕ್ಟ್ರಾನ್ ಕಳೆದುಕೊಂಡು ಉಳಿದದ್ದಕ್ಕೆ ಅಯಾನ್ ಎನ್ನುತ್ತೇವೆ, ನಾನು ಈಗ ಅಯಾನ್. ಕ್ಲಾಸು ನಕ್ಕಿತು. ಪಾಠ ಇಷ್ಟು ಚೆನ್ನಾಗಿ ಯಾವತ್ತೂ ಆಗಿರಲಿಲ್ಲ ಎಂದು ನನಗೇ ಅನ್ನಿಸಿತು.

ಪ್ರಿನ್ಸಿಪಾಲರು ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡರು. ಪೀರಿಯಡ್ ಮುಗಿದ ಮೇಲೆ ಅಯಾನ್ ನನ್ನ ಕ್ಯಾಬಿನ್ನಿಗೆ ಬರಲಿ, ಬರುವಾಗ ತಡವಾಗಿ ಬಂದದ್ದಕ್ಕೆ ಅರ್ಜಿ ಬರೆದು ತರಲಿ ಎಂದು ಹೇಳಿ ಹೊರಟುಹೋದರು.

೩. ಚಪ್ಪಲಿ ಡಬ್ಬ

ಅರ್ಜಿ ಬರೆದುಕೊಟ್ಟ ಮೇಲೆ ನನಗೆ ಒಂದು ಖಾತ್ರಿಯಾಯಿತು. ಬರೀ ಮಾತಿನಲ್ಲಿ ಸಮಿತಿ ಒಪ್ಪುವುದಿಲ್ಲ, ಕಣ್ಣಿಗೆ ಕಾಣುವ ಹಾಗೆ ಏನಾದರೂ ತೋರಿಸಬೇಕು. ಒಂದು ಚಪ್ಪಲಿ ಡಬ್ಬದ ಬದಿಗೆ ಬ್ಲೇಡಿನಿಂದ ಸಣ್ಣ ಸೀಳು ಮಾಡಿದೆ. ಒಳಗೆ ಹಳೆಯ ಸಿಡಿಯೊಂದನ್ನು ಓರೆಯಾಗಿ ಅಂಟಿಸಿದೆ, ಮೇಲೆ ಕಣ್ಣಿಡಲು ತೂತು ಕೊರೆದೆ. ದೀಪದ ಕಡೆಗೆ ಹಿಡಿದು ನೋಡಿದರೆ ಬೆಳಕು ಬಣ್ಣಬಣ್ಣವಾಗಿ ಬಿಡಿಸಿಕೊಂಡು ಕಾಣುತ್ತದೆ. ಎಲ್‌ಇಡಿ ದೀಪವಾದರೆ ಬಣ್ಣಗಳು ಒಂದಕ್ಕೊಂದು ಕೂಡಿಕೊಂಡ ಪಟ್ಟಿ. ಹಳೆಯ ಟ್ಯೂಬೋ ಸಿಎಫ್‌ಎಲ್ಲೋ ಆದರೆ ಬೇರೆ ಬೇರೆ ಗೆರೆಗಳು ಎದ್ದು ಕಾಣುತ್ತವೆ, ಏಕೆಂದರೆ ಅದರೊಳಗಿನ ಪಾದರಸದ ಎಲೆಕ್ಟ್ರಾನುಗಳು ಗೊತ್ತಾದ ಮೆಟ್ಟಿಲುಗಳನ್ನೇ ಇಳಿಯುತ್ತವೆ.

ನಾಲ್ಕು ದಿನ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಬಿಲ್ಡಿಂಗಿನ ಟೆರೇಸಿಗೆ ಹೋಗಿ, ಎದುರಿನ ಬಿ ವಿಂಗಿನ ದೀಪಗಳನ್ನೆಲ್ಲ ಡಬ್ಬದಲ್ಲಿ ನೋಡಿ ಬರೆದುಕೊಂಡೆ. ಐದನೆಯ ದಿನ ಬಿಲ್ಡಿಂಗಿನವರ ಸೊಸೈಟಿ ಆಫೀಸಿನಿಂದ ಕರೆ ಬಂತು. ಬಿ ವಿಂಗಿನ ಹನ್ನೊಂದು ಮನೆಯವರು ಸಹಿ ಹಾಕಿದ ದೂರು. ಎ ವಿಂಗಿನ ಮಾಸ್ತರರು ಯಾವುದೋ ಯಂತ್ರ ಇಟ್ಟುಕೊಂಡು ನಮ್ಮ ಕಿಟಕಿಗಳನ್ನು ನೋಡುತ್ತಾರೆ, ನೋಡಿ ಬರೆದುಕೊಳ್ಳುತ್ತಾರೆ.

ನಮ್ಮ ಸೊಸೈಟಿಯ ಸೆಕ್ರೆಟರಿ ಬ್ಯಾಂಕಿನಿಂದ ನಿವೃತ್ತರಾದ ಹೆಂಗಸು, ನಗುವುದನ್ನು ಯಾರೂ ಕಂಡವರಿಲ್ಲ. ಪಕ್ಕದಲ್ಲಿ ವಾಚ್‌ಮನ್ ನಿಂತಿದ್ದ. ಪೊಲೀಸರು, ಪೇಪರು, ಸಮಿತಿ, ಜೂನ್ ತಿಂಗಳು ಎಲ್ಲವೂ ನನ್ನ ತಲೆಯಲ್ಲಿ ಒಟ್ಟಿಗೆ ಓಡಿದವು. ಅಂಗೈಯ ಒದ್ದೆಗೆ ಡಬ್ಬದ ಮೂಲೆ ಮೆತ್ತಗಾಯಿತು. ಹೇಗೋ ತಡವರಿಸಿ ಎಲೆಕ್ಟ್ರಾನ್, ಮೆಟ್ಟಿಲು, ಗೆರೆ ಎಂದೆಲ್ಲ ವಿವರಿಸಿದೆ. ಅವರು ಡಬ್ಬ ಇಸಿದುಕೊಂಡು ಆಫೀಸಿನ ಟ್ಯೂಬಿಗೆ ಹಿಡಿದರು. ಗೆರೆ ಕಂಡವು. ಮೇಜಿನ ಎಲ್‌ಇಡಿ ದೀಪಕ್ಕೆ ಹಿಡಿದರು. ಪಟ್ಟಿ ಕಂಡಿತು. ಆಮೇಲೆ ಹೊರಗೆ ಹೋಗಿ ಮೆಟ್ಟಿಲಿನ ದೀಪಕ್ಕೆ ಹಿಡಿದು ಅಲ್ಲೇ ನಿಂತುಬಿಟ್ಟರು.

ಇದು ಎಲ್‌ಇಡಿ ಎಂದು ಹೇಳಿ ಎಲೆಕ್ಟ್ರಿಷಿಯನ್ ಹಾಕಿದ್ದು, ಇದರಲ್ಲಿ ಗೆರೆ ಯಾಕೆ ಕಾಣುತ್ತವೆ ಎಂದು ಕೇಳಿದರು. ಬಿಳಿ ಬುರುಡೆಯೊಳಗೆ ಹಳೆಯ ಸಿಎಫ್‌ಎಲ್ಲೇ ಇದೆ ಎಂದು ನಾನು ಹೇಳಲೂ ಬೇಕಾಗಲಿಲ್ಲ. ಮುಂದಿನ ಒಂದು ಗಂಟೆ ಸೆಕ್ರೆಟರಿ ಡಬ್ಬ ಹಿಡಿದು ಮುಂದೆ, ವಾಚ್‌ಮನ್ ಹಿಂದೆ, ಅವನ ಹಿಂದೆ ನಾನು, ಎರಡೂ ವಿಂಗಿನ ಮಾಳಿಗೆಗಳನ್ನು ಹತ್ತಿ ಇಳಿದೆವು. ಹದಿನಾಲ್ಕು ದೀಪ ಸಿಕ್ಕಿಬಿದ್ದವು.

ಮರುದಿನದ ನೋಟಿಸಿನಲ್ಲಿ ನನ್ನನ್ನು ದೀಪಗಳ ಉಪಸಮಿತಿಗೆ ನೇಮಿಸಲಾಗಿತ್ತು. ಮೊದಲು ಬಿ ವಿಂಗಿನವರಿಗೆ ನಾನು ಅವರ ಕಿಟಕಿ ನೋಡುತ್ತೇನೆಂದು ದೂರಿತ್ತು. ಈಗ, ಕರೆದರೂ ನೋಡಲು ಬರುವುದಿಲ್ಲ ಎಂದು ದೂರು.

೪. ಮಾವನ ಪರೀಕ್ಷೆ

ಡಬ್ಬ ಸೊಸೈಟಿಯ ಆಸ್ತಿಯಾಗಿಬಿಟ್ಟಿತು, ಸಮಿತಿಗೆ ತೋರಿಸಲು ಬೇರೇನಾದರೂ ಬೇಕಾಯಿತು. ಜನವರಿಯಲ್ಲಿ ಒಂದು ಸಂಜೆ ಅದೇ ಚಿಂತೆಯಲ್ಲಿ ದಾದರಿನಲ್ಲಿ ಇಳಿದವನು ಮಾವನ ಹತ್ತಿರ ಹೋದೆ. ನನ್ನ ಸೋದರಮಾವ ಅಲ್ಲಿನ ಒಂದು ಉಡುಪಿ ಹೋಟೆಲಿನಲ್ಲಿ ಮುಖ್ಯ ಭಟ್ಟರು. ಹಿಂಬಾಗಿಲಿನಿಂದ ಹೋದರೆ ಅಡುಗೆಮನೆಯ ಮೂಲೆಯಲ್ಲಿ ಒಂದು ಸ್ಟೂಲು, ಒಂದು ಲೋಟ ಕಾಫಿ ನನಗೆ ಯಾವತ್ತೂ ಉಂಟು.

"ಎಂತ ಮಾರಾಯ, ಮುಖ ಹುಳಿ ಬಂದ ಹಿಟ್ಟಿನ ಹಾಗೆ ಉಂಟು" ಎಂದರು ಮಾವ.

ಹೇಳಿಕೊಂಡೆ. ಹೇಳುತ್ತಿರುವಾಗಲೇ ಅವರು ಕೊಳದಪ್ಪಲೆಯ ಸಾಂಬಾರಿನಲ್ಲಿ ಸೌಟು ಅದ್ದಿ, ಒಂದು ಹನಿಯನ್ನು ಒಲೆಯ ಉರಿಗೆ ಬೀಳಿಸಿದರು. ನೀಲಿ ಉರಿ ಒಂದು ಕ್ಷಣ ಝಗ್ಗೆಂದು ಹಳದಿಯಾಯಿತು. ಸಾಕು, ಇನ್ನು ಹಾಕಬೇಡ ಎಂದು ಪಕ್ಕದ ಅಡುಗೆಯವರಿಗೆ ಹೇಳಿದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಮಾವ ಹಳೆಯ ಕಾಲದ ಭಟ್ಟರು, ಬಡಿಸುವ ಮೊದಲು ಅಡುಗೆಯನ್ನು ಬಾಯಿಗಿಟ್ಟು ನೋಡುವವರಲ್ಲ. ಹಾಗೆ ನೋಡಿದರೆ ಎಂಜಲು. ಉಪ್ಪು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಅವರು ನಲವತ್ತು ವರ್ಷಗಳಿಂದ ಉರಿಯನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಸ್ಟೂಲಿನಿಂದ ಎದ್ದು ನಿಂತು ಪೂರ್ತಿ ಪಾಠ ಮಾಡಿದೆ. ಉಪ್ಪಿನಲ್ಲಿರುವ ಸೋಡಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಂಡ ಅಯಾನು, ಉರಿಯ ಬಿಸಿಯಲ್ಲಿ ಅದು ಕಳೆದುಕೊಂಡದ್ದನ್ನು ಮತ್ತೆ ಹಿಡಿಯುತ್ತದೆ, ಆ ಎಲೆಕ್ಟ್ರಾನ್ ಬಿಸಿಗೆ ಮೇಲಿನ ಮಟ್ಟಕ್ಕೆ ಹಾರುತ್ತದೆ, ಅಲ್ಲಿ ನಿಲ್ಲಲಾಗದೆ ಕೆಳಗಿಳಿಯುತ್ತದೆ, ಇಳಿಯುವಾಗ ಬಿಡುವ ಬೆಳಕೇ ಈ ಹಳದಿ. ಒಂದೊಂದು ಧಾತುವಿಗೂ ಮಟ್ಟಗಳ ಅಂತರ ಬೇರೆ, ಆದ್ದರಿಂದ ಬಣ್ಣ ಬೇರೆ. ತಾಮ್ರಕ್ಕೆ ಹಸಿರು, ಪೊಟ್ಯಾಸಿಯಂಗೆ ತೆಳು ನೇರಳೆ.

ಮಾವ ಸೌಟು ಕೆಳಗಿಟ್ಟು ಶ್ರದ್ಧೆಯಿಂದ ಕೇಳಿದರು. ಇದನ್ನೇ ತೋರಿಸು, ಆದರೆ ಉಪ್ಪು ಮುಟ್ಟಿದ ಕೈಯಲ್ಲಿ ಮಾತ್ರ ಪರೀಕ್ಷೆ ಮಾಡಬೇಡ, ಉರಿ ಸುಳ್ಳು ಹೇಳುತ್ತದೆ ಎಂದರು. ಮತ್ತೆ ಮೆಲ್ಲಗೆ ಕೇಳಿದರು, "ಇಷ್ಟು ಕಲಿಯಲಿಕ್ಕೆ ನಿನಗೆ ಎಷ್ಟು ವರ್ಷ ಬೇಕಾಯ್ತು?"

ಶಾಲೆ, ಕಾಲೇಜು ಎಲ್ಲ ಸೇರಿ ಹದಿನೇಳು ಎಂದೆ.

"ನನಗೆ ಒಂದು ಮದುವೆ ಸಾಕಾಯ್ತು. ಆ ಸಾಂಬಾರಿಗೆ ಮೂರು ಜನ ಉಪ್ಪು ಹಾಕಿದ್ರು."

೫. ಎಂಟು ಎಣಿಸುವವರೆಗೆ

ಫೆಬ್ರವರಿ ಬಂತು, ಸಮಿತಿಯೂ ಬಂತು. ಮೂವರು. ಒಬ್ಬರು ಬರೆದುಕೊಳ್ಳುವವರು, ಒಬ್ಬರು ಗಡಿಯಾರ ನೋಡುವವರು. ಅಧ್ಯಕ್ಷೆ ನಿವೃತ್ತ ಪ್ರಾಧ್ಯಾಪಿಕೆ, ಬಿಳಿ ಕೂದಲು, ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ನಮ್ಮ ಪ್ರಯೋಗಾಲಯದ ಅಟೆಂಡರ್ ವಿಜಯಪುರ ಕಡೆಯವರು, ಇಡೀ ಕಾಲೇಜಿಗೆ ಕಾಕಾ. ಬೆಳಿಗ್ಗೆಯೇ ಬರ್ನರ್ ಹೊಂದಿಸಿ, ಸಣ್ಣ ತಂತಿಯನ್ನು ಆಮ್ಲದಲ್ಲಿ ಅದ್ದಿ ಅದ್ದಿ ತೊಳೆದು, ಎರಡು ಬಟ್ಟಲಲ್ಲಿ ಪೊಟ್ಯಾಸಿಯಂ, ತಾಮ್ರದ ಲವಣ ಇಟ್ಟಿದ್ದರು. ಹಿಂದಿನ ದಿನದ ತಾಲೀಮಿನಲ್ಲಿ ಎರಡೂ ಬಣ್ಣ ಚೆಂದವಾಗಿ ಬಂದಿದ್ದವು, ಯಾಕೆಂದರೆ ತಂತಿ ಹಿಡಿದವರು ಅವರು. ಇವತ್ತು ನಾನೇ ಹಿಡಿಯಬೇಕು.

"ಸರ, ತಂತಿ ತುದಿ ಮಾತ್ರ ಮುಟ್ಟಬ್ಯಾಡ್ರಿ" ಎಂದು ಕಾಕಾ ಕಿವಿಯಲ್ಲಿ ಹೇಳಿದರು. ಮಾವನ ಮಾತೂ ನೆನಪಿತ್ತು. ಮುಟ್ಟಲೇಬಾರದು ಎಂದು ನೂರು ಸಲ ಹೇಳಿಕೊಂಡೆ. ಹೇಳಿಕೊಳ್ಳುತ್ತಲೇ, ತಂತಿಯ ತುದಿಗೆ ಧೂಳು ಕೂತಂತೆ ಕಂಡು ಎರಡು ಬೆರಳಿನಿಂದ ನೀಟಾಗಿ ಒರೆಸಿದೆ.

ಈಗ ಪೊಟ್ಯಾಸಿಯಂ, ತೆಳು ನೇರಳೆ ಕಾಣುತ್ತದೆ ಎಂದು ಹೇಳಿ ಉರಿಗೆ ಹಿಡಿದೆ. ಹಳದಿ ಬಂತು. ಸಮಿತಿಯವರು ಒಬ್ಬರನ್ನೊಬ್ಬರು ನೋಡಿದರು. ತಂತಿ ಸರಿ ತೊಳೆದಿಲ್ಲವೆಂದು ಹೇಳಿ, ಮತ್ತೆ ತೊಳೆದು, ಮತ್ತೆ ಬೆರಳಿನಿಂದ ಒರೆಸಿ ಹಿಡಿದೆ. ಇನ್ನೂ ಹಳದಿ. ಇರಲಿ, ತಾಮ್ರದ ಹಸಿರು ತೋರಿಸುತ್ತೇನೆ ಎಂದು ಬರ್ನರಿನ ಮೇಲೆ ಬಗ್ಗಿದೆ. ಹಸಿರು ಬರುವಷ್ಟರಲ್ಲಿ ನನ್ನ ಹಣೆಯಿಂದ ಒಂದು ಹನಿ ಜಾರಿ ನೇರ ಉರಿಯೊಳಗೆ ಬಿತ್ತು. ಚುಂಯ್ ಎಂದಿತು, ಇಡೀ ಜ್ವಾಲೆ ಹಳದಿಯಾಗಿ ಎದ್ದಿತು. ನಾಲ್ಕು ವರ್ಷದ ನೌಕರಿ ಕಣ್ಣೆದುರಿಗೇ ಉರಿದುಹೋಗುತ್ತಿದೆ ಅನ್ನಿಸಿತು. ಪ್ರಿನ್ಸಿಪಾಲರು ಬಾಗಿಲ ಹತ್ತಿರ ನಿಂತು, ಗಾಬರಿ ಬೇಡ ಎಂದು ಕೈಸನ್ನೆ ಮಾಡುತ್ತಿದ್ದರು.

ಅಧ್ಯಕ್ಷೆ ನನ್ನನ್ನು ಬಿಟ್ಟು ಮಕ್ಕಳ ಕಡೆ ತಿರುಗಿ, ನಿಮ್ಮ ಸರ್ ನೇರಳೆ ಎಂದರು, ಹಸಿರು ಎಂದರು, ಬಂದದ್ದು ಹಳದಿ, ಯಾಕೆ ಎಂದು ಕೇಳಿದರು. ಮುಂದಿನ ಬೆಂಚಿನ ಹುಡುಗಿ ಎದ್ದಳು. ಅವಳು ಮರಾಠಿಯಲ್ಲಿ ಹೇಳಿದ್ದು ಇಷ್ಟು: ಹಳದಿ ಅಂದರೆ ಸೋಡಿಯಂ. ಸೋಡಿಯಂ ಬಟ್ಟಲಲ್ಲಿ ಇಲ್ಲ, ಸರ್‌ನ ಬೆವರಿನಲ್ಲಿದೆ. ಅದರ ಬೆಳಕು ಎಷ್ಟು ಜೋರು ಅಂದರೆ ಉಳಿದವುಗಳ ಬಣ್ಣ ಕಾಣಗೊಡುವುದಿಲ್ಲ. ಸರ್ ತುಂಬ ಹೆದರಿದ್ದಾರೆ, ಎಲೆಕ್ಟ್ರಾನುಗಳು ಮಾತ್ರ ಸರಿಯಾಗಿಯೇ ಇಳಿಯುತ್ತಿವೆ.

ಅದನ್ನು ಸಾಬೀತು ಮಾಡು ಎಂದರು ಅಧ್ಯಕ್ಷೆ.

ಕಾಕಾ ಆಮ್ಲದಲ್ಲಿ ತೊಳೆದ ತಂತಿಯನ್ನು ಚಿಮಟದಲ್ಲಿ ಹಿಡಿದು ಉರಿಗಿಟ್ಟರು. ಯಾವ ಬಣ್ಣವೂ ಇಲ್ಲ. ತಂತಿ ತಣ್ಣಗಾದ ಮೇಲೆ ನಾನು ಮುಟ್ಟಿದೆ, ಮತ್ತೆ ಉರಿಗಿಟ್ಟರೆ ಹಳದಿ. ಹುಡುಗಿ ಗಟ್ಟಿಯಾಗಿ ಎಣಿಸಿದಳು, ಆರು ಎಣಿಸುವವರೆಗೆ ಉರಿಯಿತು. ಬೇರೆಯವರು ಮುಟ್ಟಿದರೆ ಎಂದು ಅಧ್ಯಕ್ಷೆ ತಾವೇ ಬೆರಳು ಚಾಚಿದರು. ತೊಳೆದ ತಂತಿ, ಅವರ ಬೆರಳು, ಎರಡು ಎಣಿಕೆ. ಬರೆದುಕೊಳ್ಳುವವರದ್ದು ಒಂದು. ಗಡಿಯಾರ ನೋಡುವವರದ್ದು ಮೂರು, ಅವರಿಗೆ ಗಾಡಿ ತಪ್ಪುವ ಭಯ ಇದ್ದಿರಬೇಕು. ಆಮೇಲೆ ಎಲ್ಲರೂ ಪ್ರಿನ್ಸಿಪಾಲರ ಕಡೆ ನೋಡಿದರು. ಅವರು ಬೇಡ ಬೇಡ ಎನ್ನುತ್ತಲೇ ಬಂದು ಮುಟ್ಟಿದರು. ಮಕ್ಕಳೆಲ್ಲ ಸೇರಿ ಎಣಿಸಿದರು. ಎಂಟು.

ಏಳು ತಿಂಗಳಿಂದ ನನಗೆ ಗಾಬರಿ ಬೇಡ ಎನ್ನುತ್ತಿದ್ದವರು ನನಗಿಂತ ಎರಡು ಎಣಿಕೆ ಹೆಚ್ಚು ಹೆದರಿದ್ದರು. ನನಗೆ ಅವರ ಮೇಲೆ ಆ ಕ್ಷಣ ಬಂದ ಪ್ರೀತಿ ಅಷ್ಟಿಷ್ಟಲ್ಲ.

ಕೊನೆಗೆ ಅಧ್ಯಕ್ಷೆ ಕಾಕಾನಿಗೂ ಮುಟ್ಟಲು ಹೇಳಿದರು. ಕಾಕಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನನಗೆ ಕನ್ನಡದಲ್ಲಿ ಹೇಳಿದರು, "ಬ್ಯಾಡ ಅಂತ ಹೇಳ್ರಿ ಸರ. ನನ್ನ ಎದಿಯೊಳಗ ಏನದ ಅನ್ನೂದು ಇವರಿಗೆಲ್ಲಾ ಯಾಕ ಗೊತ್ತಾಗಬೇಕು? ನಂದಿನ್ನೂ ಎರಡು ವರ್ಷ ನೌಕರಿ ಅದ."

ಮಾರ್ಚಿನಲ್ಲಿ ವರದಿ ಬಂತು. ಮೇಷ್ಟ್ರು ತೋರಿಸುತ್ತೇನೆಂದದ್ದು ತೋರಿಸಲಿಲ್ಲ, ಆದರೆ ತೋರಿಸಲಾಗದ್ದು ಯಾಕೆಂದು ಹೇಳಲು ಅವರ ವಿದ್ಯಾರ್ಥಿಗಳಿಗೆ ಬರುತ್ತದೆ, ಹುದ್ದೆ ಖಾಯಂ ಮಾಡಬಹುದು ಎಂದಿತ್ತು. ಪ್ರಿನ್ಸಿಪಾಲರು ನನ್ನನ್ನು ಕರೆದು ಎದುರಿಗೇ ಆದೇಶಕ್ಕೆ ಇಂಕ್ ಪೆನ್ನಿನಲ್ಲಿ ಸಹಿ ಹಾಕಿದರು, ಸಂತೋಷದಲ್ಲಿ ಅದರ ಮೇಲೆಯೇ ಅಂಗೈ ಊರಿ ಎದ್ದು ನನ್ನ ಕೈ ಕುಲುಕಿದರು. ಎರಡು ಒದ್ದೆ ಕೈಗಳು. ಹೊರಗೆ ಬಂದು ಆದೇಶ ಬಿಡಿಸಿ ನೋಡಿದರೆ ಸಹಿ ಇದ್ದ ಜಾಗದಲ್ಲಿ ಒಂದು ನೀಲಿ ಮೋಡ. ನೌಕರಿ ಖಾಯಂ ಆಗಿತ್ತು, ಮಾಡಿದವರು ಯಾರೆಂದು ಮಾತ್ರ ಓದಲು ಬರುತ್ತಿರಲಿಲ್ಲ. ಇನ್ನೊಂದು ಸಹಿ ಕೇಳಲು ಒಳಗೆ ಹೋಗುವ ಧೈರ್ಯ ನನಗೆಲ್ಲಿ ಬರಬೇಕು, ಪ್ರಯೋಗಾಲಯಕ್ಕೆ ಹೋಗಿ ಕಾಕಾನಿಗೆ ತೋರಿಸಿದೆ.

ಕಾಕಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. "ಚಿಂತಿ ಮಾಡಬ್ಯಾಡ್ರಿ ಸರ. ಯಾರರ ಕೇಳಿದ್ರ, ಇದರ ಒಂದು ಮೂಲಿ ಸುಟ್ಟು ತೋರಿಸೂಣು. ಎಂಟು ಎಣಿಸೂತನಕ ಹಳದಿ ಉರೀತಂದ್ರ, ಅದು ನಮ್ಮ ಸಾಹೇಬ್ರ ಸಹೀನ."